ಬಾತಿನ ಮೈಮೇಲಿನ ಕಪ್ಪು

ಪಕ್ಷಿ ನೋಡುವವರು ಸಾಧು ಜನ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಜನರಲ್ಲಿ ನಾನೂ ಒಬ್ಬ, ಅದಕ್ಕೇ ಹೇಳುತ್ತಿದ್ದೇನೆ.

ಐರ್ಲೆಂಡಿನ ಡನ್ ಲಿಯರಿ ಬಂದರಿನ ಕಲ್ಲುಗಳ ಪಕ್ಕ ಆ ಚಳಿಗಾಲ ಒಂದು ಸ್ಕೋಟರ್ ಬಂದು ಕೂತಿತ್ತು. ಇದು ಕಡಲ ಬಾತು, ದಡದಿಂದ ದೂರ ಅಲೆಗಳ ನಡುವೆಯೇ ಇರುವಂಥದ್ದು. ಬೆಳೆದ ಗಂಡು ಪೂರ್ತಿ ಕಪ್ಪು. ಹೆಣ್ಣು ಕಂದು, ಕೆನ್ನೆ ಮಾತ್ರ ಮಾಸಲು ಬಿಳಿ. ಫಜೀತಿ ಏನೆಂದರೆ, ಮೊದಲ ಚಳಿಗಾಲದ ಎಳೆ ಗಂಡೂ ಹೆಣ್ಣಿನ ಹಾಗೆಯೇ ಕಾಣುತ್ತದೆ. ದಿನ ಕಳೆದಂತೆ ಕಂದಿನ ನಡುವೆ ಒಂದೊಂದೇ ಕರಿ ಗರಿ ಮೂಡುತ್ತದೆ. ನಾನು ಕಂಡ ಬಾತು ಕಂದು, ಪಕ್ಕೆಯಲ್ಲಿ ಕಪ್ಪು ಮಚ್ಚೆಗಳು. ಫೋಟೊ ತೆಗೆದು ಇಲ್ಲಿ ಪಕ್ಷಿ ನೋಡುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದೆ: ಎಳೆ ಗಂಡು, ಕರಿ ಗರಿ ಬರುತ್ತಿದೆ.

ನೇಸ್ ಪಟ್ಟಣದಲ್ಲಿರುವ ಡಾಕ್ಟರ್ ಗೆಳೆಯ ಒಪ್ಪಲಿಲ್ಲ. ಬೆಳೆದ ಹೆಣ್ಣು, ಕಪ್ಪು ಬರೀ ನೆರಳು ಎಂದ. ಮೂರು ದಿನ ಜಗಳ ನಡೆಯಿತು. ಒಬ್ಬರು ಕೆನ್ನೆ ದೊಡ್ಡದು ಮಾಡಿ ನೋಡಿದರು, ಇನ್ನೊಬ್ಬರು ಕೊಕ್ಕಿಗೆ ಬಾಣದ ಗುರುತು ಹಾಕಿ ಕಳಿಸಿದರು. ನಾನು ದಿನಾ ಊಟದ ಬಿಡುವಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಬಾತು ಅಲ್ಲೇ ಇರುತ್ತಿತ್ತು, ಫೋಟೊಗೆ ಒಳ್ಳೆಯದೇ ಆಯಿತು ಅನಿಸುತ್ತಿತ್ತು. ಕಡಲ ಬಾತು ಕಡಲಿಗೆ ಯಾಕೆ ಹೋಗುತ್ತಿಲ್ಲ ಎಂದು ನಮ್ಮಲ್ಲಿ ಒಬ್ಬನಾದರೂ ಕೇಳಬೇಕಲ್ಲ, ಥೂ.

ಶನಿವಾರ ಗೆಳೆಯ ಖುದ್ದು ಬಂದ. ಎಳೆಯದಾದರೆ ಹೊಟ್ಟೆ ಬೆಳ್ಳಗಿರುತ್ತದೆ. ಎದ್ದು ರೆಕ್ಕೆ ಬಡಿದರೆ ಕಂಡುಬಿಡುತ್ತದೆ. ಬಾತು ತಲೆ ಹುದುಗಿಸಿಕೊಂಡು ಕೂತೇ ಇತ್ತು.

"ಒಂದು ಕಲ್ಲು ಹಾಕೋ," ಎಂದ ಗೆಳೆಯ. "ಪಕ್ಕದಲ್ಲಿ ಹಾಕು, ಏನೂ ಆಗಲ್ಲ. ಇಟ್ಸ್ ಗ್ರ್ಯಾಂಡ್."

ಹಾಕಿದೆ. ಎರಡನೆಯದನ್ನೂ ಹಾಕಿದೆ. ಬಾತು ಎದ್ದು ರೆಕ್ಕೆ ಬಿಚ್ಚಲು ನೋಡಿತು, ಆಗಲಿಲ್ಲ. ಗರಿಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು. ಹೊಟ್ಟೆ ಬಿಳಿಯೂ ಅಲ್ಲ, ಕಂದೂ ಅಲ್ಲ, ಟಾರಿನಂಥ ಜಿಡ್ಡು. ಮೂರು ದಿನ ನಾನು ಕರಿ ಗರಿ ಎಂದು ವಾದಿಸಿದ್ದು ಯಾವುದೋ ಹಡಗಿನ ಎಣ್ಣೆ.

ಕೆಳಗಿಳಿದು ಟವೆಲ್ ಹಾಕಿ ಹಿಡಿದೆವು. ಅದು ಕೊಸರಾಡಲೂ ಇಲ್ಲ. ಡೀಸೆಲ್ಲೂ ಕೊಳೆತ ಮೀನೂ ಸೇರಿದ ವಾಸನೆ ಹೊಡೆಯುತ್ತಿತ್ತು. ಗಾಯಗೊಂಡ ಪಕ್ಷಿಗಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿಗೆ ಫೋನ್ ಮಾಡಿದೆವು. ಬೆಚ್ಚಗೆ ಸುತ್ತಿ ಬೇಗ ತನ್ನಿ, ಮೊದಲ ದಿನವೇ ಸಿಕ್ಕಿದ್ದರೆ ಉಳಿಸಬಹುದಿತ್ತು ಎಂದರು. ಕಾರಿನಲ್ಲಿ ಕೂತು ಬಾಗಿಲು ಹಾಕುವಷ್ಟರಲ್ಲಿ ನನ್ನ ತೊಡೆಯ ಮೇಲೆ ಅದರ ಕತ್ತು ವಾಲಿತು.

ಗೆಳೆಯ ಕಾರು ಸ್ಟಾರ್ಟ್ ಮಾಡಲಿಲ್ಲ. ಟಿಶ್ಯೂ ತೆಗೆದು ಬಾಲ ಒರೆಸಿ, ಗರಿಗಳನ್ನು ಬೆಳಕಿಗೆ ಹಿಡಿದ. ಎಳೆ ಬಾತಿನ ಬಾಲದ ಗರಿಗೆ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಇತ್ತು. ಕೊಕ್ಕನ್ನೂ ಒರೆಸಿದ. ಗಂಡಿಗೆ ಬರುವ ಹಳದಿ ಆಗಷ್ಟೇ ಮೂಡುತ್ತಿತ್ತು.

"ಎಳೆ ಗಂಡೇ ಕಣೋ. ನೀನ್ ಹೇಳಿದ್ದೇ ಸರಿ."

ಬಾತಿನ ಮೈ ಇನ್ನೂ ಬೆಚ್ಚಗಿತ್ತು. ನನಗೆ ಖುಷಿಯಾಯಿತು. ಗೆದ್ದೆನಲ್ಲ ಎಂದು ನಿಜವಾಗಿಯೂ ಖುಷಿಯಾಯಿತು. ಎಣ್ಣೆ ಹತ್ತಿದ ಬೆರಳಲ್ಲೇ ಮೊಬೈಲ್ ತೆಗೆದು ಗುಂಪಿಗೆ ಬರೆದೆ: ಎಳೆ ಗಂಡು, ಖಚಿತ.