ಎರೆಯ ವಿಷಯದಲ್ಲಿ ಸುಳ್ಳು ಹೇಳಬಾರದು

ಬರ್ಲ್ ಲೆಡ್‌ಬೆಟರ್ ಬೆಳಿಗ್ಗೆ ಏಳುವಾಗಲೇ ದಣಿದಿರುತ್ತಿದ್ದ. ಹಾಸಿಗೆಯ ಅಂಚಿಗೆ ಕೂತು ಬಲಗೈ ಬೆರಳುಗಳನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ನೋಡುತ್ತಿದ್ದ. ಹೇಳಿದ ಹಾಗೆ ಕೇಳುತ್ತಿದ್ದವು, ಪುಣ್ಯ. ಆದರೆ ತಿರುಗಿ ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲು ಕಾಲಿಗೆ ಜೋಮು ಹಿಡಿಸಿ, ಚಳಿಗಾಲದ ಹೊತ್ತಿಗೆ ಕೈಗೆ ಹತ್ತಿತ್ತು. ಒಂದು ಬೆಳಿಗ್ಗೆ ಕೆಂಡದಂತೆ ಕಾದ ಬಾಣಲೆಯ ಹಿಡಿಯನ್ನು ಬರಿಗೈಲಿ ಹಿಡಿದು ಆರಾಮಾಗಿ ನಿಂತಿದ್ದನಂತೆ. ಹೆಂಡತಿ ನೆಲ್ಡಾ ಚೀರಿದ ಮೇಲೇ ಬಿಟ್ಟದ್ದು. ಮುಲಾಮು ಹಚ್ಚುತ್ತಾ ಅವಳು, ಇದನ್ನು ಯಾರಿಗಾದರೂ ಹೇಳು ಅಂದಳು. ಅವನು ಹೂಂ ಅಂದ, ಹೇಳಲಿಲ್ಲ.

ಹೇಳುವುದು ಹೇಗೆ? ಅವನ ಅನ್ನವೂ ಮಾನವೂ ಇದ್ದದ್ದು ಆ ಬೆರಳಲ್ಲೇ. ಅಲಬಾಮಾದ ಉತ್ತರಕ್ಕೆ, ಟೆನೆಸಿ ನದಿಯ ಹಿನ್ನೀರಿನಲ್ಲಿ, ಪರ ಊರಿನವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಬಾಸ್ ಮೀನು ಹಿಡಿಸುವುದು ಅವನ ಕಸುಬು. ಅದರಲ್ಲೂ ರಬ್ಬರ್ ಹುಳ ಅಂದರೆ ಬರ್ಲ್, ಬರ್ಲ್ ಅಂದರೆ ರಬ್ಬರ್ ಹುಳ. ಬೇಸಿಗೆ ಬಲಿತಾಗ ದೊಡ್ಡ ಬಾಸ್‌ಗಳು ದಡ ಬಿಟ್ಟು, ನೀರಡಿಯ ಹಳೇ ನದಿಪಾತ್ರದ ಅಂಚಿಗೆ ಇಳಿಯುತ್ತವೆ. ಗೇಣುದ್ದದ ನೇರಳೆ ಹುಳಕ್ಕೆ ಸೀಸದ ಗುಂಡು ಸೇರಿಸಿ ಅಲ್ಲಿಗಿಳಿಸಿ, ತಳದಲ್ಲಿ ಎಳೆಯಬೇಕು, ಮುದುಕಿ ಚಪ್ಪಲಿ ಎಳೆದುಕೊಂಡು ನಡೆದಷ್ಟು ನಿಧಾನ. ಮೀನು ಗಬಕ್ಕನೆ ನುಂಗುವುದಿಲ್ಲ. ಬಾಯಿಗೆ ಹಾಕಿಕೊಂಡು, ಇದು ಹುಸಿ ಎರೆ ಅಂತ ಗೊತ್ತಾದರೆ ಉಗಿದುಬಿಡುತ್ತದೆ. ಅಷ್ಟರೊಳಗೆ ದಾರದಲ್ಲಿ ಒಂದೇ ಒಂದು 'ಟಿಕ್' ಬರುತ್ತದೆ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಆ ಟಿಕ್ಕನ್ನು ಹಿಡಿಯಬೇಕು. ಕಲ್ಲು ಯಾವುದು, ಬೇರು ಯಾವುದು, ಬಾಯಿ ಯಾವುದು ಎಂದು ಬರ್ಲ್ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ.

ಏಪ್ರಿಲ್‌ನಲ್ಲಿ ದೋಣಿಗೆ ಬಂದಿದ್ದ ಯಾರೋ ಪುಣ್ಯಾತ್ಮ, ನಿಮ್ಮ ದಾರ ಪಕ್ಕಕ್ಕೆ ನಡೆದುಕೊಂಡು ಹೋಗ್ತಿದೆಯಲ್ಲ ಅಂತ ತೋರಿಸಿದ. ಮೀನು ಹುಳವನ್ನು ಕಚ್ಚಿಕೊಂಡು ಹೊರಟೇ ಬಿಟ್ಟಿತ್ತು, ಬರ್ಲ್‌ಗೆ ಏನೂ ಗೊತ್ತಾಗಿರಲಿಲ್ಲ. ಆವತ್ತೇ ಅವನು ಹುಳದ ಡಬ್ಬಿ ಮುಚ್ಚಿಟ್ಟು ಮುಳುಗುಮೀನು ಕಟ್ಟಿದ. ಅದು ದಪ್ಪ ಹೊಟ್ಟೆಯ ಪ್ಲಾಸ್ಟಿಕ್ ಮೀನು, ಮೂತಿಗೆ ಚಮಚದಂಥ ತುಟಿ. ರಭಸದಿಂದ ಸುತ್ತಿ ಎಳೆದರೆ ಒದ್ದಾಡುತ್ತಾ ಆಳಕ್ಕಿಳಿಯುತ್ತದೆ. ಬಾಸ್ ರೇಗಿ ಮೇಲೆರಗಿ ತಾನಾಗಿಯೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಬೆರಳು ಬೇಡ, ಭುಜ ಬೇಕು. ಸಂಜೆ ಮನೆಗೆ ಬಂದರೆ ಬರ್ಲ್‌ಗೆ ಕೈ ಎತ್ತಿ ಟೋಪಿ ತೆಗೆಯಲೂ ಆಗುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವನ ಪಾಡು ಅವನಿಗೆ. ಆದರೆ ದೋಣಿಕಟ್ಟೆಯ ಮೇಲೆ ಕಾರ್ತೆಲ್ ವೂಟನ್ನನ ಎರೆ ಅಂಗಡಿ ಇದೆ. ಬೆಳಗಾದರೆ ಎಲ್ಲರೂ ಅಲ್ಲಿ ಸೇರಿ, ಕಾಫಿ ಕುಡಿದು, ಸಾಸೇಜ್ ಇಟ್ಟ, ಬನ್ನಿನಂಥ ಮೆತ್ತನೆ ಬಿಸ್ಕಿಟ್ ತಿಂದೇ ನೀರಿಗಿಳಿಯುವುದು. ಅಲ್ಲಿ ಒಂದು ಕಟ್ಟಳೆ. ಮೀನು ಎಲ್ಲಿ ಸಿಕ್ಕಿತು ಅಂತ ಕೇಳಿದರೆ ಬಾಯಿಗೆ ಬಂದ ಸುಳ್ಳು ಹೇಳಬಹುದು, ಪಾದ್ರಿಯೂ ಹೇಳುತ್ತಾನೆ. ಯಾವ ಎರೆಗೆ ಸಿಕ್ಕಿತು ಅಂತ ಕೇಳಿದರೆ ಮಾತ್ರ ನಿಜ ಹೇಳಬೇಕು. ಇದನ್ನು ಮುರಿದವರನ್ನು ಯಾರೂ ಕಂಡಿರಲಿಲ್ಲ. ಈ ಎರಡನೇ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳುತ್ತಿದ್ದದ್ದು ಬರ್ಲ್‌ನನ್ನು. ಅವನು ಕಾಫಿಗೆ ಊದಿಕೊಳ್ಳುವವರೆಗೆ ಅಂಗಡಿಯೇ ಕಾಯುತ್ತಿತ್ತು. ನಿಜ ಹೇಳಬೇಕೆಂದರೆ ಅವನು ಬದುಕಿದ್ದದ್ದೇ ಆ ಗಳಿಗೆಗೋಸ್ಕರ.

ಮೇ ತಿಂಗಳ ಒಂದು ಬೆಳಿಗ್ಗೆ ರಾಯ್ಸ್ ಎಂಬ ಎಲೆಕ್ಟ್ರಿಷಿಯನ್, ನೀನು ಹುಳ ಬಿಟ್ಟು ಮುಳುಗುಮೀನು ಎಸೀತಿದೀಯಲ್ಲ, ಯಾಕೆ ಅಂದ. ಎಲ್ಲರೂ ತಿರುಗಿದರು. ಬರ್ಲ್‌ನ ಬಾಯಿಂದ ಬಂದೇಬಿಟ್ಟಿತು.

"ಈ ವರ್ಷ ಮೀನು ಹುಳ ಮುಟ್ತಿಲ್ಲ ಕಣ್ರಪ್ಪಾ. ಬಿಟ್ಬಿಟ್ಟಿವೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ಇಡೀ ಹಿನ್ನೀರು ಮುಳುಗುಮೀನು ಎಸೆಯತೊಡಗಿತು. ಹುಳದ ಪೊಟ್ಟಣಗಳು ಅಂಗಡಿಯ ಹಿಂದಿನ ಗೂಡಿಗೆ ಹೋದವು. ಹೊರಗಿನವನೊಬ್ಬ ಹುಳಕ್ಕೆ ಬುಟ್ಟಿ ತುಂಬ ಹಿಡಿದು ತಂದರೆ, ಅವನ ಅದೃಷ್ಟ ಅಂದರು. ಬರ್ಲ್ ಲೆಡ್‌ಬೆಟರ್ ಹೇಳಿದ ಮೇಲೆ ಮೀನಿನ ಮಾತು ಯಾರು ಕೇಳುತ್ತಾರೆ!

ಕಾರ್ತೆಲ್ ಬರ್ಲ್‌ಗಿಂತ ಹಿರಿಯ. ಹಿಂದಿನ ವರ್ಷ ಅವನ ಭುಜದ ಆಪರೇಷನ್ ಆಗಿತ್ತು, ಅದರ ಬೆನ್ನಿಗೇ ಹೆಂಡತಿ ಇಮೋಜೀನ್ ತೀರಿಕೊಂಡಳು. ಉಳಿದಿದ್ದದ್ದು ಸೋಮವಾರದ ಮಧ್ಯಾಹ್ನ ಅಂಗಡಿ ಮುಚ್ಚಿ, ದೋಣಿಯಲ್ಲಿ ಕೂತು ಸುಮ್ಮನೆ ಹುಳ ಎಳೆಯುವುದು. ಮುಳುಗುಮೀನು ಎಸೆಯುವ ಭುಜ ಅವನಿಗಿಲ್ಲ. ಹುಳಕ್ಕೆ ಬೀಳುವುದಿಲ್ಲ ಅಂತ ಬರ್ಲ್ ಹೇಳಿದ ಮೇಲೆ ಅವನು ಹೋಗುವುದನ್ನೇ ಬಿಟ್ಟ. ಜುಲೈನಲ್ಲಿ ಬರ್ಲ್ ಅಂಗಡಿಯ ಹಿಂದೆ ಹೋದಾಗ ಕಾರ್ತೆಲ್‌ನ ದೋಣಿಗೆ ಟಾರ್ಪಾಲು ಹೊದಿಸಿತ್ತು. ಎಂಜಿನ್ನಿನ ಮೇಲೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬರ್ಲ್ ಮನೆಗೆ ಹೋಗಿ ಊಟ ಬೇಡವೆಂದ.

ಮುಂದಿನ ಸೋಮವಾರ ಅವನೇ ಬಂದು ಕಾರ್ತೆಲ್‌ನನ್ನು ಕರೆದ. ಭುಜ ಎತ್ತಲಾರೆ, ಬಂದು ನಿನ್ನ ಮುಖ ನೋಡಿಕೊಂಡು ಕೂರಲಾ ಅಂತ ಕಾರ್ತೆಲ್ ಗೊಣಗಿದ. ಬರ್ಲ್ ಬಿಡಲಿಲ್ಲ. ಹಾರ್ಗ್ರೋವ್ ಕಡವಿಗೆ ಕರೆದೊಯ್ದ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೇ ರಸ್ತೆ ಅಲ್ಲಿ ನದಿಪಾತ್ರಕ್ಕೆ ಇಳಿಯುತ್ತದೆ. ಬರ್ಲ್‌ನ ಗುಟ್ಟಿನ ಜಾಗ ಅದು. ಇಬ್ಬರ ದಾರಕ್ಕೂ ನೇರಳೆ ಹುಳ ಕಟ್ಟಿದ. ಬೆರಳು ತಡವರಿಸಿ ಗಂಟು ಎರಡು ಸಲ ಜಾರಿತು.

ಸ್ವಲ್ಪ ಹೊತ್ತಿಗೇ ಕಾರ್ತೆಲ್ ಗಾಳದ ಕೋಲು ಬಾಗಿಸಿ, ಕೊಬ್ಬಿದ ಬಾಸೊಂದನ್ನು ಎಳೆದು, ದವಡೆ ಹಿಡಿದು ನೋಡಿ ನೀರಿಗೆ ಬಿಟ್ಟ. ಮುಖದಲ್ಲಿ ಬಂದ ಗೆಲುವು ಅಲ್ಲೇ ಇಂಗಿತು. ಅವನೇನು ದಡ್ಡನಲ್ಲ.

"ಮೀನು ಹುಳ ಬಿಟ್ಟಿವೆ ಅಂದಿದ್ಯಲ್ಲ."

"ಅವು ಬಿಟ್ಟಿಲ್ಲ ಕಾರ್ತೆಲ್. ನಾನು ಬಿಟ್ಟೆ," ಅಂದ ಬರ್ಲ್. "ಬೆರಳು ಸತ್ತೋಗಿವೆ. ದಾರ ಬೆರಳ ಮೇಲಿದೆಯೋ ಇಲ್ವೋ ಅಂತ ಕಣ್ಣಲ್ಲಿ ನೋಡಿದ್ರೇನೇ ನಂಗೊತ್ತಾಗೋದು."

ಕಾರ್ತೆಲ್ ಕೊಕ್ಕೆಯ ಹುಳವನ್ನು ನೆಟ್ಟಗೆ ಮಾಡಿ ಮತ್ತೆ ನೀರಿಗಿಳಿಸಿದ. ಬಿಸಿಲು ನೆತ್ತಿ ಸುಡುತ್ತಿತ್ತು.

"ಜಾಗದ ವಿಷಯದಲ್ಲಿ ಜೀವಮಾನ ಪೂರ್ತಿ ನೀನು ನಂಗೆ ಸುಳ್ಳು ಹೇಳ್ದೆ, ನಾನೂ ಹೇಳ್ದೆ. ಅದು ಆಟ," ಅಂದ ಕೊನೆಗೆ. "ಇಮೋಜೀನ್ ಹೋದ್ಮೇಲೆ ನಂಗಿದ್ದದ್ದು ಇದೊಂದೇ ಕಣೋ. ನನ್ನ ಒಂದು ಬೇಸಿಗೇನೇ ನೀನು ತಿಂದ್ಹಾಕ್ಬಿಟ್ಟೆ."

ಬರ್ಲ್ ತಲೆ ತಗ್ಗಿಸಿ ಕೂತ. ಅವನ ದಾರ ನೀರು ಸೇರುವಲ್ಲಿ ಅಲುಗಿತು. ಪಕ್ಕಕ್ಕೆ ನಡೆಯತೊಡಗಿತು. ಕಾರ್ತೆಲ್ ಅದನ್ನೇ ನೋಡುತ್ತಿದ್ದ. ದಾರ ಮಾರುದ್ದ ಸರಿದು, ನಿಂತು, ಸಡಿಲವಾಯಿತು.

"ಈಗೊಂದು ಬಂದು ಹೋಯ್ತು," ಅಂದ ಕಾರ್ತೆಲ್.

"ಹೇಳ್ಬಾರ್ದಿತ್ತಾ?"

"ಹೇಳ್ಬೋದಿತ್ತು."

ಆಮೇಲೆ ಇಬ್ಬರೂ ಉಪ್ಪು ಬಿಸ್ಕತ್ತು ತಿಂದು ನೀರು ಕುಡಿದರು. ಬರ್ಲ್ ಮತ್ತೆ ಹುಳ ಇಳಿಸಿದ, ಅಭ್ಯಾಸಬಲ. ಇಳಿಹೊತ್ತಿನಲ್ಲಿ ಕಾರ್ತೆಲ್, ತನ್ನ ದಾರದಿಂದ ಕಣ್ಣೆತ್ತಿ ಬರ್ಲ್‌ನ ದಾರ ನೋಡಿ, "ಎಳಿ" ಅಂದ. ಬರ್ಲ್ ಎಳೆದ. ಕೋಲು ಬಾಗಿತು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಬರ್ಲ್ ಯಾರೂ ಕೇಳುವ ಮೊದಲೇ ಎಲ್ಲವನ್ನೂ ಹೇಳಿದ, ಬೆರಳನ್ನೂ ಸುಳ್ಳನ್ನೂ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಾಯ್ಸ್ ಹೊಗೆಸೊಪ್ಪನ್ನು ಲೋಟಕ್ಕೆ ಉಗಿದು ಹೊರಗೆ ಹೋದ. ಕಾರ್ತೆಲ್ ಹುಳದ ಪೊಟ್ಟಣಗಳನ್ನು ತಂದು ಮುಂದಿನ ಗೂಡಿನಲ್ಲಿಟ್ಟ.

ಅಂದಿನಿಂದ ಯಾವ ಎರೆ ಅನ್ನುವ ಪ್ರಶ್ನೆ ಕಾರ್ತೆಲ್‌ಗೆ ಹೋಯಿತು. ಬರ್ಲ್ ಬಂದರೆ ಕಾಫಿ ಕೊಟ್ಟರು, ನೆಲ್ಡಾ ಹೇಗಿದ್ದಾಳೆ ಅಂದರು, ಅಷ್ಟೇ. ಅವನು ಲೋಟ ಹಿಡಿದು ಮೂಲೆಯಲ್ಲಿ ಕೂತು ಎದ್ದು ಬರುತ್ತಿದ್ದ. ಒಂದು ದಿನ ರಾಯ್ಸ್‌ಗೇ ಕನಿಕರ ಬಂತೋ ಏನೋ, "ಬರ್ಲ್, ನಿನ್ನೆ ಎಲ್ಲಿ ಹಿಡಿದೆ?" ಅಂತ ಕೇಳಿದ. ಸುಳ್ಳು ಹೇಳಲು ಪರವಾನಗಿ ಇರುವ ಪ್ರಶ್ನೆ. ಬರ್ಲ್‌ಗೆ ಅದನ್ನು ಹೊಸೆಯುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಹಾರ್ಗ್ರೋವ್ ಕಡವು. ಹಳೇ ರಸ್ತೆ ನದಿಗಿಳಿಯೋ ಕಡೆ, ಎರಡನೇ ದಿಬ್ಬದ ಮೇಲೆ."

ಇಡೀ ಅಂಗಡಿ ಹೋ ಎಂದು ನಕ್ಕಿತು. ಒಳ್ಳೇ ಸುಳ್ಳು ಅಂತ ರಾಯ್ಸ್ ಅವನ ಬೆನ್ನು ತಟ್ಟಿದ. ಶನಿವಾರ ಎಲ್ಲ ದೋಣಿಗಳೂ ಕಡವಿಗೆ ಬೆನ್ನು ಹಾಕಿ, ಆಚೆ ದಡದ ಕೊಲ್ಲಿಗಳತ್ತ ಭರ್ರೆಂದು ಹೋದವು.

ಸೋಮವಾರ ಕಡವಿನಲ್ಲಿ ಎಂದಿನಂತೆ ಇವರಿಬ್ಬರೇ. ಕಾರ್ತೆಲ್‌ನ ಕಣ್ಣು ಎರಡು ದಾರಗಳ ಮೇಲೂ ಇತ್ತು. ಬರ್ಲ್ ದಾರ ನೋಡಲಿಲ್ಲ. ಕಾರ್ತೆಲ್ 'ಎಳಿ' ಅಂತ ಬಾಯಿ ತೆರೆಯುವುದನ್ನೇ ಕಾಯುತ್ತಾ ಕೂತಿದ್ದ.