ನಾದಿನಿಯ ಪಟ್ಟಿ

ಆ ಗುಡ್ಡದ ಬಡಾವಣೆಗೆ ಇಂಟರ್‌ನೆಟ್ ತಂದವಳು ಡಬ್ಬಿಯಕ್ಕ. ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ಕೇಬಲ್ ಎಳೆಯುವವರು ಏರು ನೋಡಿಯೇ ಬೆನ್ನು ತಿರುಗಿಸಿದ ಮೇಲೆ, ಇವಳೇ ತಾರಸಿ ತಾರಸಿ ಹತ್ತಿ ವೈರ್‌ಲೆಸ್ ಡಬ್ಬಿಗಳನ್ನು ಕೂರಿಸಿದ್ದಳು. ಒಂದು ತಾರಸಿಯ ಡಬ್ಬಿ ಪಕ್ಕದ ಡಬ್ಬಿಗೆ, ಅದು ಮುಂದಿನದಕ್ಕೆ, ಹೀಗೆ ಕೈಯಿಂದ ಕೈಗೆ ದಾಟಿ ಮಾತು ಗುಡ್ಡದ ಬುಡದ ದೊಡ್ಡ ಲೈನನ್ನು ಸೇರಬೇಕು. ಮೂವತ್ತೊಂದು ಡಬ್ಬಿಗಳ ದಾರಿಯೂ ಅವಳಿಗೆ ಬಾಯಿಪಾಠ. ಯಾವುದಕ್ಕೇ ಆಗಲಿ ಎಲ್ಲಕ್ಕಿಂತ ಹತ್ತಿರದ ದಾರಿಯನ್ನೇ ಕೊಟ್ಟಿದ್ದಳು.

ಬರಬರುತ್ತ ಮನೆಗಳು ಹೆಚ್ಚಿದವು. ಸಂಜೆ ಆರಾಯಿತೆಂದರೆ ಫೋನಿನ ಪರದೆಯಲ್ಲಿದ್ದ ಮುಖಗಳು ತೆರೆದ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದವು. ಡಬ್ಬಿಯಕ್ಕ ಡಬ್ಬಿ ಬದಲಿಸಿದಳು, ಆಂಟೆನಾ ತಿರುಗಿಸಿದಳು. ಯಾವುದೂ ನಾಟಲಿಲ್ಲ.

ಒಂದು ಭಾನುವಾರ ಅವಳು ಊಟದ ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ನಾದಿನಿ ಬಗ್ಗಿ ನೋಡಿದಳು. ನಾದಿನಿಗೆ ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವ ಕೆಲಸ. ಜನ್ಮದಲ್ಲಿ ಒಂದು ಡಬ್ಬಿ ಮುಟ್ಟಿದವಳಲ್ಲ.

"ಅತ್ತಿಗೆ, ಎಲ್ಲಾನೂ ನೀರಿನ ಟ್ಯಾಂಕಿನ ಡಬ್ಬಿ ಮೇಲೇ ಓಡಿಸ್ತಿದೀರಲ್ಲ. ಅಷ್ಟೂ ಬಸ್ಸನ್ನ ಒಂದೇ ಸರ್ಕಲ್‌ಗೆ ನುಗ್ಗಿಸಿದ ಹಾಗಾಯ್ತು. ಕೆಲವನ್ನ ಸುತ್ತು ದಾರೀಲಿ ಬಿಡಿ, ಬೇಗ ತಲುಪ್ತವೆ."

"ಸುತ್ತಿ ಹೋದದ್ದು ಬೇಗ ತಲುಪುತ್ತಾ?"

"ಕಾಯೋದು ತಪ್ಪುತ್ತಲ್ಲ. ಆಮೇಲೆ, ಪಕ್ಕಪಕ್ಕದ ಡಬ್ಬಿ ಒಟ್ಟಿಗೆ ಮಾತಾಡಿದ್ರೆ ಯಾರದ್ದೂ ಕೇಳಲ್ಲ ಅಂತೀರಿ. ಸರದಿ ಹಾಕೋಣ. ದೂರ ಇರೋವು ಒಂದೇ ಸಲ ಮಾತಾಡ್ಲಿ, ಹತ್ತಿರದವು ಕಾಯ್ಲಿ."

ಮಾತು ನೂರಕ್ಕೆ ನೂರು ಸರಿ. ಅದಕ್ಕೇ ಡಬ್ಬಿಯಕ್ಕನಿಗೆ ಉರಿ ಹತ್ತಿತು. ಗಂಡ ನಗುತ್ತಾ, "ಇಷ್ಟು ವರ್ಷ ನಿನಗೆ ಹೊಳೀಲಿಲ್ಲ, ನನ್ನ ತಂಗಿ ಕೈ ತೊಳೆಯೋದ್ರೊಳಗೆ ಬಿಡಿಸಿಟ್ಲು ನೋಡು" ಎಂದಾಗ ಆ ಉರಿಗೆ ಎಣ್ಣೆ ಬಿದ್ದಂತಾಯಿತು.

ವಾರದೊಳಗೆ ಸುದ್ದಿ ಗುಡ್ಡ ಹತ್ತಿಳಿಯಿತು. ಬಿಸಿಲಲ್ಲಿ ಅಂಗೈ ಸುಟ್ಟುಕೊಂಡು ಏಣಿ ಹತ್ತಿದವಳು ತಾನು. ಆದರೆ ದರ್ಜಿ ಕೇಳುವುದು, "ನಿಮ್ಮ ನಾದಿನಿ ಯಾವತ್ತು ಬರ್ತಾರಕ್ಕ?" ಅಂಗಡಿಯವಳು ಕೇಳುವುದೂ ಅದನ್ನೇ. ದಿನಕ್ಕೆ ಎಷ್ಟು ಬಾಯಲ್ಲಿ ನಾದಿನಿಯ ಮಾತು ಬಂತೆಂದು ಡಬ್ಬಿಯಕ್ಕ ಎಣಿಸತೊಡಗಿದಳು. ಎಣಿಸುವುದು ನಾಚಿಕೆಗೇಡೆಂದು ಗೊತ್ತಿದ್ದೂ ಎಣಿಸಿದಳು.

ನಾದಿನಿ ಬಣ್ಣಬಣ್ಣದ ಗೆರೆ ಎಳೆದ ಪಟ್ಟಿ ತಂದಳು. "ತಪ್ಪಿದ್ರೆ ಹೇಳಿ ಅತ್ತಿಗೆ."

ಡಬ್ಬಿಯಕ್ಕ ಬೆರಳಿಟ್ಟು ಓದಿದಳು. ಎಂಟನೇ ಡಬ್ಬಿಗೂ ಹದಿನೇಳನೇ ಡಬ್ಬಿಗೂ ಒಂದೇ ಸರದಿ. ನಕ್ಷೆಯಲ್ಲಿ ಅವೆರಡರ ನಡುವೆ ಶಾಲೆಯ ಎತ್ತರದ ಗೋಡೆ ಇದೆ, ಒಂದರ ಮಾತು ಇನ್ನೊಂದಕ್ಕೆ ಕೇಳಿಸದೆಂದು ಯಾರಾದರೂ ಹೇಳಿಯಾರು. ಆದರೆ ಎಂಟರ ಅಲೆ ಗ್ಯಾರೇಜಿನ ತಗಡಿಗೆ ಬಡಿದು ನೇರ ಹದಿನೇಳರ ಮೇಲೆ ಬೀಳುತ್ತದೆ. ಒಂದಿಡೀ ವಾರ ಒದ್ದಾಡಿ ಅವಳು ಕಂಡುಕೊಂಡಿದ್ದ ಗುಟ್ಟು ಅದು. ಬೆರಳು ಅಲ್ಲೇ ನಿಂತಿತು.

"ಸರಿಯಾಗಿದೆ" ಎಂದಳು.

ಹೊಸ ಪಟ್ಟಿ ಶುರುವಾದ ಸಂಜೆ ಉಳಿದ ಓಣಿಗಳೆಲ್ಲ ಸರಾಗ. ಹದಿನೇಳರ ಓಣಿ ಮಾತ್ರ ಸತ್ತಂತೆ ಬಿತ್ತು. ಅಲ್ಲಿದ್ದವಳು ಹಡಗಿನ ಅಡುಗೆಯವನ ಹೆಂಡತಿ. ಹಡಗು ದಡ ಸೇರಿದಾಗ ಮಾತ್ರ ಗಂಡನ ಮುಖ ಕಾಣುವುದು. ಇಪ್ಪತ್ತು ದಿನ ಕಾದ ಆ ಕರೆ "ಹೇಗಿದೀಯ" ಎನ್ನುವಷ್ಟರಲ್ಲಿ ಕಡಿದುಹೋಯಿತು.

ಮರುದಿನ ದರ್ಜಿಯ ಅಂಗಡಿಯಲ್ಲಿ ಎಲ್ಲರೂ ಸೇರಿದರು. "ಬಸ್ಸಿನ ಲೆಕ್ಕ ಬಸ್ಸಿಗೇ ಸರಿ" ಎಂದು ದರ್ಜಿ ಚುಚ್ಚಿದ. ನಾದಿನಿ ಪಟ್ಟಿಯ ಮೇಲಿಂದ ತಲೆ ಎತ್ತಲಿಲ್ಲ. ಡಬ್ಬಿಯಕ್ಕನಿಗೆ ಒಳಗೊಳಗೇ ಹಾಲು ಕುಡಿದಷ್ಟು ತಂಪು.

ಅಷ್ಟರಲ್ಲಿ ಹಡಗಿನವನ ಹೆಂಡತಿ ಅವಳ ಕೈ ಹಿಡಿದು, "ಎಲ್ಲಾ ನಿಮ್ಮ ಕೈಯಲ್ಲೇ ಇದ್ದಿದ್ರೆ ಹೀಗಾಗ್ತಿರ್ಲಿಲ್ಲಕ್ಕ" ಎಂದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ್ದ ಮಾತು ಅದೇ, ಈಗ ಕೇಳಲಾಗಲಿಲ್ಲ.

"ಅವಳ ಲೆಕ್ಕ ಸರಿಯಾಗೇ ಇದೆ" ಎಂದಳು ಡಬ್ಬಿಯಕ್ಕ. "ಎಂಟರದ್ದು ತಗಡಿಗೆ ಬಡಿದು ಹದಿನೇಳಕ್ಕೆ ಕೇಳಿಸುತ್ತೆ. ನನಗೆ ಗೊತ್ತಿತ್ತು. ಹೇಳ್ಲಿಲ್ಲ."

ಹೊಲಿಗೆ ಮಿಷನ್ ನಿಂತಿತು. "ಯಾಕೆ?" ಎಂದ ಗಂಡ.

"ಹೊಟ್ಟೆಕಿಚ್ಚು. ಇನ್ನೇನು?"

ಹಡಗಿನವನ ಹೆಂಡತಿ ಹಿಡಿದಿದ್ದ ಕೈ ಬಿಟ್ಟು ಎದ್ದು ಹೋದಳು.

ಮನೆಗೆ ಹೋಗುವ ಮೆಟ್ಟಿಲುಗಳಲ್ಲಿ ನಾದಿನಿ ಹೇಳಿದಳು: "ನಿಮ್ಮ ಬೆರಳು ನಿಂತಿದ್ದು ನೋಡಿದ್ದೆ. ಏನು ಅಂತ ಕೇಳೋಕೆ ನನಗೂ ಬಿಗುಮಾನ. ಗೊತ್ತಿಲ್ಲದೋಳು ಅನ್ನಿಸ್ಕೊಳ್ಳೋದು ಬೇಡ ಅಂತ."

"ಬೈಯಮ್ಮ, ಬೈದ್ಬಿಡು."

"ಬೈತೀನಿ. ಮೊದಲು ಕೆಲಸ ಮುಗೀಲಿ."

ಮುಂದಿನ ಎರಡು ದಿನ ಇಬ್ಬರೂ ತಾರಸಿಯಿಂದ ತಾರಸಿಗೆ ನಡೆದರು. ಯಾವ ಡಬ್ಬಿಯ ಮಾತು ಯಾವುದಕ್ಕೆ ಕೇಳಿಸುತ್ತದೆಂದು ಇವಳು ಹೇಳುವುದು, ಅವಳು ಬರೆದುಕೊಳ್ಳುವುದು. ನಕ್ಷೆಗೆ ಕಾಣದ ಇಂಥ ಜಾಗಗಳು ಇನ್ನೂ ನಾಲ್ಕು ಸಿಕ್ಕವು. ಮೂರನೆಯ ಸಂಜೆ ಎಲ್ಲ ಓಣಿಗಳೂ ಒಟ್ಟಿಗೆ ಓಡಿದವು. ಮುಂದಿನ ಬಂದರಿನಿಂದ ಹಡಗಿನವನು ಮುಕ್ಕಾಲು ಗಂಟೆ ಮಾತಾಡಿದನಂತೆ. ಅವನ ಹೆಂಡತಿ ಡಬ್ಬಿಯಕ್ಕನನ್ನು ಕಂಡರೆ ಈಗ ತಲೆಯಾಡಿಸುತ್ತಾಳೆ, ನಿಂತು ಮಾತಾಡುವುದಿಲ್ಲ.

ಬಡಾವಣೆಯವರು ಅದನ್ನು ನಾದಿನಿ ಪಟ್ಟಿ ಎಂದೇ ಕರೆಯುತ್ತಾರೆ. ಕೇಳಿದಾಗಲೆಲ್ಲ ಡಬ್ಬಿಯಕ್ಕನಿಗೆ ಎಲ್ಲೋ ಚುಚ್ಚುತ್ತದೆ. ಹೊಸ ಮನೆ ಬಂದು ಸರದಿ ಬದಲಿಸಬೇಕಾದರೆ ನಾದಿನಿ ಮೊದಲು ಅವಳಿಗೇ ಫೋನು ಮಾಡುತ್ತಾಳೆ. ಅವಳು ಎತ್ತುತ್ತಾಳೆ, ಗೊತ್ತಿದ್ದದ್ದನ್ನೆಲ್ಲ ಹೇಳುತ್ತಾಳೆ. ಆದರೆ ಮೊದಲ ರಿಂಗಿಗೇ ಎತ್ತುವಷ್ಟು ದೊಡ್ಡ ಮನಸ್ಸು ಇನ್ನೂ ಬಂದಿಲ್ಲ.