ನಾಳೆ ಬಿದ್ದ ಮಗಳು

ಮುಂಬೈಯ ಗ್ರಾಂಟ್ ರೋಡಿನಲ್ಲಿ ಇಡ್ಲಿ-ವಡೆಯ ಹೋಟೆಲು ನಡೆಸುವ ನಮ್ಮ ಮನೆಯ ಹುಡುಗಿಗೆ ಕುದುರೆಯ ಹುಚ್ಚು ಎಲ್ಲಿಂದ ಅಂಟಿತೋ ನನಗೆ ಗೊತ್ತಿಲ್ಲ. ಶಾಲೆಯ ಗೆಳತಿಯ ಜೊತೆ ಒಮ್ಮೆ ಕುದುರೆ ಸವಾರಿಯ ತರಗತಿಗೆ ಹೋಗಿ ಬಂದ ಮಗಳು, ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ನನ್ನನ್ನು ಲೋಕಲ್ ರೈಲು ಹತ್ತಿಸಿ ಎಳೆದುಕೊಂಡು ಹೋಗತೊಡಗಿದಳು. ನನ್ನ ಗಂಡನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಸವಾರಿ ಕಲಿಸುವ ಮೇಡಂ ಹೆಲ್ಮೆಟ್ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಮೇ ತಿಂಗಳ ಸೆಕೆಯಲ್ಲೂ ಬರಿತಲೆಯವರನ್ನು ಕುದುರೆಯ ಹತ್ತಿರ ಬಿಡುತ್ತಿರಲಿಲ್ಲ. ಮಗಳು ಮುಖ ಊದಿಸಿಕೊಂಡೇ ಹಾಕಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲಕ್ಕೆ ಕುದುರೆ ಬೆಚ್ಚಿತು. ಮಗಳು ಬಿದ್ದಳು, ತಲೆ ಬೇಲಿಯ ಮರಕ್ಕೆ ಬಡಿಯಿತು. ನಾನು ಬೇಲಿ ದಾಟಿ ಓಡಿದೆ. ಅವಳು ತಾನೇ ಎದ್ದು ಕೂತಳು, ಹೆಲ್ಮೆಟ್ ಮಾತ್ರ ಬಿರುಕು ಬಿಟ್ಟಿತ್ತು. ಆಸ್ಪತ್ರೆಯ ಡಾಕ್ಟರು ಸ್ಕ್ಯಾನ್ ನೋಡಿ ಗಾಬರಿಯೇನಿಲ್ಲ ಅಂದರು. ಆದರೆ ವಾಂತಿಯಾದರೆ, ತೀರಾ ಮಂಕಾದರೆ, ಮಾತು ಅಡ್ಡಾದಿಡ್ಡಿಯಾದರೆ ತಕ್ಷಣ ಕರೆತನ್ನಿ ಅಂದರು.

ಕುದುರೆಯ ಕತೆ ಇಲ್ಲಿಗೆ ಮುಗಿಯಿತು ಅಂತ ನಮ್ಮ ಯಜಮಾನರು ತೀರ್ಪು ಕೊಟ್ಟರು. ಮರುದಿನ ಹೋಟೆಲಿಗೂ ಹೋಗದೆ ಅವಳ ಎದುರು ಕುರ್ಚಿ ಹಾಕಿಕೊಂಡು ಕೂತರು. ಅವಳು ಏಳುವ ಮೊದಲು ಮನೆ ಬಿಟ್ಟು, ಮಲಗಿದ ಮೇಲೆ ಬರುವ ಮನುಷ್ಯ; ಮಗಳ ಮಾತನ್ನು ಅಷ್ಟೊತ್ತು ಕೇಳಿದ್ದು ಅವತ್ತೇ ಇರಬೇಕು. ಅಷ್ಟರಲ್ಲಿ ಕುಂದಾಪುರದಿಂದ ಅತ್ತೆಯ ಫೋನ್ ಬಂತು. ಅಜ್ಜಿಗಾಗಿ ಮಗಳು ತಿಣುಕಿ ಕನ್ನಡದಲ್ಲೇ ಹೇಳಿದಳು:

“ಅಜ್ಜಿ, ನಾಳೆ ನಾನು ಕುದುರೆಯಿಂದ ಬಿದ್ದೆ.”

ಇವರ ಮುಖ ಬಿಳಿಚಿಕೊಂಡಿತು. ಯಾವಾಗ ಬಿದ್ದದ್ದು ಅಂತ ಮತ್ತೆ ಕೇಳಿದರು. ನಾಳೆ, ಅಂದಳು ಅವಳು ಖಡಾಖಂಡಿತವಾಗಿ.

ಹಿಂದಿಯಲ್ಲಿ ಹೋದ ದಿನಕ್ಕೂ ಬರುವ ದಿನಕ್ಕೂ ‘ಕಲ್’ ಒಂದೇ. ಅದನ್ನೇ ಆಡಿ ಬೆಳೆದ ನಮ್ಮ ಮುಂಬೈ ಮಕ್ಕಳು ಕನ್ನಡದಲ್ಲೂ ನಿನ್ನೆ-ನಾಳೆಗಳನ್ನು ಕಲಸಿಬಿಡುತ್ತಾರೆ. ಇವಳು ಮೊದಲಿನಿಂದಲೂ ಹೀಗೇ ಅಂತ ನಾನು ಸಮಾಧಾನ ಹೇಳಿದೆ. ಹೇಳಿದ ಮೇಲೆ ನನಗೇ ಅನುಮಾನ ಹತ್ತಿತು. ನಿಜವಾಗಿ ಮೊದಲಿನಿಂದಲೂ ಹೀಗೇ ಇತ್ತೇ? ಎಷ್ಟು ನೆನಪಿಸಿಕೊಂಡರೂ ಆ ಹೊತ್ತಿಗೆ ಒಂದು ಉದಾಹರಣೆಯೂ ಹೊಳೆಯಲಿಲ್ಲ. ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಹಿಂದಿಯಲ್ಲಿ ಕೇಳಿದರು. ಮಗಳು ಚೀಲದ ಬಣ್ಣದಿಂದ ಹಿಡಿದು ಕುದುರೆಯ ತಪ್ಪೇನೂ ಇಲ್ಲ ಎಂಬ ವಕಾಲತ್ತಿನವರೆಗೆ ಎಲ್ಲವನ್ನೂ ಪಟಪಟ ಹೇಳಿದಳು. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ನಾವು ಓಡಿ ಬಂದ ಕಾರಣ ತಿಳಿದು ಅವರು ನಕ್ಕರು. ಆಮೇಲೆ ನನ್ನ ಮೊಬೈಲಿನಲ್ಲಿದ್ದ ಹೆಲ್ಮೆಟ್ಟಿನ ಫೋಟೊ ನೋಡಿ ನಗು ನಿಲ್ಲಿಸಿದರು. ಈ ಪೆಟ್ಟು ಬರಿತಲೆಗೆ ಬಿದ್ದಿದ್ದರೆ ಇವಳು ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲವೇನೋ, ಅಂದರು.

ಹೊರಗೆ ಬೆಂಚಿನ ಮೇಲೆ ಕೂತು ಇವರು ಅತ್ತುಬಿಟ್ಟರು. ಅಪ್ಪ ಅಳುವುದನ್ನು ಎಂದೂ ಕಾಣದ ಮಗಳು ಹೆದರಿ, ಇನ್ನು ಕುದುರೆ ಹತ್ತುವುದಿಲ್ಲ, ಆಣೆ ಅಂದಳು. ಇವರು ಮುಖ ಒರೆಸಿಕೊಂಡರು.

“ಬಿಡುದ್ ಬ್ಯಾಡ ಮಗಾ. ಹೊಸ ಹೆಲ್ಮೆಟ್ ತಕಂಬ. ಅದರ ಪಟ್ಟಿ ನಾನೇ ಬಂದ್ ಕಟ್ತೆ.”

ಸವಾರಿ ಇರುವುದು ಭಾನುವಾರ. ಹೋಟೆಲಿನಲ್ಲಿ ಕಾಲಿಡಲು ಜಾಗವಿರದ ಆ ದಿನ ಇವರು ಗಲ್ಲಾ ಬಿಟ್ಟು ಎದ್ದದ್ದನ್ನು ಮದುವೆಯಾದಾಗಿನಿಂದ ನಾನು ಕಂಡೇ ಇರಲಿಲ್ಲ.